ನಾಲ್ವರ ಆಟ ಒಬ್ಬಳೇ ಆಡುವ ಉಮ್ ಸನದ್

ಬೆಳಗಿನ ಐದೂವರೆ. ಫಜರ್ ನಮಾಜು ಮುಗಿಸಿಕೊಂಡು ಬಂದಿರುವ ರಿಹಾಬ್ ಜರ್ದಾನೆ ಕಚೇರಿಯ ಬಚ್ಚಲುಮನೆಯ ಬಾಗಿಲನ್ನು ಮೊಣಕೈಯಲ್ಲಿ ತಳ್ಳಿ ಒಳಗೆ ಹೋಗುತ್ತಾರೆ. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಒಂದು ಹಳೇ ಫೋನು. ಪರದೆಯ ಮೇಲೆ ಹದಿಮೂರು ಇಸ್ಪೀಟ್ ಎಲೆ. ಒಂದನ್ನು ಒತ್ತಿ ಹೊರಗೆ ಬರುತ್ತಾರೆ. ಚಹಾ ಕಾಯಿಸುವ ಮೂಲೆಗೆ ಹೋಗಿ, ಖರ್ಜೂರ ತುಂಬಿದ ಮಾಮೂಲ್ ಬಿಸ್ಕತ್ತು ಇಡುವ ತಗಡಿನ ಡಬ್ಬಿಯ ಮುಚ್ಚಳ ಸರಿಸುತ್ತಾರೆ. ಒಳಗೆ ಮಾಮೂಲ್ ಇಲ್ಲ, ಎರಡನೇ ಫೋನು ಇದೆ. ಅದರಲ್ಲಿ ಒಂದು ಎಲೆ ಹಾಕಿ ಮುಚ್ಚಳವನ್ನು ಅರ್ಧ ಮುಚ್ಚುತ್ತಾರೆ. ಆಮೇಲೆ ಹದಿನಾಲ್ಕು ಮೆಟ್ಟಿಲು ಇಳಿದು, ತಿರುವಿನ ಕಿಟಕಿಯಲ್ಲಿಟ್ಟಿರುವ ಮೂರನೇ ಫೋನಿನಲ್ಲಿ ಮತ್ತೊಂದು ಎಲೆ. ನಾಲ್ಕನೇ ಫೋನು ಕೈಯಲ್ಲೇ ಇದೆ. ಹದಿನಾಲ್ಕು ಮೆಟ್ಟಿಲು ಹತ್ತಿ ಬಂದರೆ ಒಂದು ಸುತ್ತು ಮುಗಿಯಿತು. ಇಂಥ ಹದಿಮೂರು ಸುತ್ತಾದರೆ ಒಂದು ಕೈ.

"ಜನ ಮನೇಲಿ ಕಾಲು ಚಾಚ್ಕೊಂಡು, ಸೂರ್ಯಕಾಂತಿ ಬೀಜ ಕಡೀತಾ ಆಡೋ ಆಟ ಇದು. ನಾನು ಏದುಸಿರು ಬಿಡ್ತಾ ಆಡ್ತೀನಿ" ಎಂದು ಗೋಡೆಗೆ ಒರಗಿ ನಿಲ್ಲುತ್ತಾರೆ. "ಮನೇಲಿ ನಮ್ಮ ಯಜಮಾನರು ಕೇಳ್ತಾರೆ, ನಾಲ್ಕು ಜನದ ತ್ರಿಕ್ಸ್ ಎಲೆಯಾಟನ ಒಬ್ಬಳೇ ಆಡ್ತೀಯಲ್ಲ, ಕೊನೆಗೆ ಗೆಲ್ಲೋರ್ಯಾರು ಅಂತ. ನನ್ನ ಮಂಡಿನೋವು ಅಂತ ಹೇಳ್ತೀನಿ."

ಅಮ್ಮಾನ್ ನಗರದ ಜಬಲ್ ವೈಬ್ದೆ ಬಡಾವಣೆಯ ಈ ಕಟ್ಟಡದ ಮೂರನೇ ಮಹಡಿಯಲ್ಲಿ ಹನ್ನೊಂದು ಜನರ ಒಂದು ಪುಟ್ಟ ಕಂಪನಿ ಇದೆ. ಫೋನಿನಲ್ಲಿ ಆಡುವ ಆಟಗಳನ್ನು ಕಟ್ಟುತ್ತಾರೆ. ಅಮ್ಮಾನಿನ ಒಬ್ಬರು, ಇರ್ಬಿದ್‌ನ ಒಬ್ಬರು, ದುಬೈಯಲ್ಲಿ ದುಡಿಯುವ ಇನ್ನಿಬ್ಬರು ಒಂದೇ ಮೇಜಿಗೆ ಕೂತ ಹಾಗೆ ಎಲೆ ಆಡಬಹುದು. ಆಟ ಜನರ ಕೈಗೆ ಹೋಗುವ ಮೊದಲು ಅದನ್ನು ಕಚೇರಿಯೊಳಗೇ, ಸಿಗ್ನಲ್ ಕುಂಟುವ ಮೂಲೆಮೂಲೆಗಳಲ್ಲಿ ಫೋನು ಇಟ್ಟು ಆಡಿ, ಫೋನಿಂದ ಫೋನಿಗೆ ಎಲೆ ಸರಿಯಾಗಿ ಹೋಗಿ ಸೇರುತ್ತದೆಯೇ ಎಂದು ನೋಡುವುದು ರಿಹಾಬ್ ಅವರ ಕೆಲಸ. ವಯಸ್ಸು ಐವತ್ಮೂರು. ಮಗ ಸನದ್ ಅಕಬಾ ಬಂದರಿನಲ್ಲಿದ್ದಾನೆ, ಹಾಗಾಗಿ ಹಿರಿಯರಿಗೆಲ್ಲ ಅವರು ಉಮ್ ಸನದ್, ಅಂದರೆ ಸನದ್‌ನ ತಾಯಿ. ಕಿರಿಯರಿಗೆ ಖಾಲ್ತೊ, ಅಂದರೆ ಚಿಕ್ಕಮ್ಮ.

ಇಷ್ಟು ಬೆಳಿಗ್ಗೆ ಯಾಕೆ ಬರಬೇಕು ಎಂದರೆ, ಹುಡುಗರು ಹತ್ತಕ್ಕೆ ಬರುತ್ತಾರೆ. ಬಂದವರೇ ಎಲ್ಲ ಫೋನುಗಳ ಆಟ ನಡೆಸುವ ಸರ್ವರ್ ಕಂಪ್ಯೂಟರನ್ನು ನಿಲ್ಲಿಸುತ್ತಾರೆ, ಎಬ್ಬಿಸುತ್ತಾರೆ, ಅರ್ಧ ಆಟದಲ್ಲಿ ಎಲ್ಲ ಮಾಯ. ಅಷ್ಟರೊಳಗೆ ಎಂಟು ಕೈ ಆಡಿ ಮುಗಿಸಬೇಕು. ಎಂಟು ಕೈ ಅಂದರೆ ಹತ್ತಿರ ಹತ್ತಿರ ಮೂರು ಸಾವಿರ ಮೆಟ್ಟಿಲು. ಲೆಕ್ಕ ಅವರದೇ. ಅವರ ಕೆಲಸ ನೋಡಿ ಬರೆಯಲು ಬಂದಿದ್ದ ನಾನು ಒಂದು ಕೈ ಜೊತೆಗೆ ಓಡಾಡಿ, ಎರಡನೆಯದಕ್ಕೆ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ಒಂದು ದೂರವಾಣಿ ಕಂಪನಿಯ ದೂರು ವಿಭಾಗದಲ್ಲಿದ್ದರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ದಿನಕ್ಕೆ ನೂರಿಪ್ಪತ್ತು ಜನರ ಸಿಟ್ಟು ಕೇಳುವ ಕೆಲಸ. "ಬೈಗುಳ ಬಿಡಿ, ಅದು ಅಭ್ಯಾಸ ಆಗುತ್ತೆ. ನಾನು ಅದರ ಹಿಂದಿನ ಸದ್ದು ಕೇಳ್ತಿದ್ದೆ. ಗರಗರ ಅಂದ್ರೆ ತಂತಿಗೆ ನೀರು ಹೋಗಿದೆ. ಮಾತು ಅರ್ಧರ್ಧ ಬಂದ್ರೆ ಬೀದಿ ಲೈನಿನ ಪೆಟ್ಟಿಗೇಲಿ ತೊಂದರೆ. ಸುಮ್ಮನೆ ಸತ್ತು ಬಿದ್ದಿದ್ರೆ ಪಕ್ಕದಲ್ಲಿ ಯಾರೋ ರಸ್ತೆ ಅಗೀತಿದ್ದಾರೆ" ಎನ್ನುತ್ತಾರೆ. ಅವರ ನಲವತ್ನಾಲ್ಕನೇ ವಯಸ್ಸಿನಲ್ಲಿ ಕಂಪನಿ ಆ ವಿಭಾಗವನ್ನೇ ಎತ್ತಿಹಾಕಿ, ಒಂದು ಒತ್ತಿ ಎರಡು ಒತ್ತಿ ಎನ್ನುವ ಹೆಣ್ಣುದನಿಯನ್ನು ಕೂರಿಸಿತು. ಎರಡು ವರ್ಷ ಮನೆಯಲ್ಲಿದ್ದರು. ಆಮೇಲೆ ಈ ಕಂಪನಿಯ ಮಾಲೀಕ ನಾದಿರ್ ಹದ್ದಾದೀನ್, ತಮ್ಮ ಮೊದಲ ಆಟಕ್ಕೆ ಬರುವ ದೂರುಗಳನ್ನು ಓದಿ ಉತ್ತರ ಬರೆಯಲು ಅವರನ್ನು ಕರೆದುಕೊಂಡರು. ಮೂರು ತಿಂಗಳಲ್ಲಿ ಆಕೆ ದೂರು ಓದಿಯೇ ತಪ್ಪು ಎಲ್ಲಿದೆ ಎಂದು ಹೇಳತೊಡಗಿದಾಗ, "ದೂರು ಬರೋಕೆ ಮುಂಚೆನೇ ಹುಡುಕಿಕೊಡಿ" ಎಂದು ನಾಲ್ಕು ಹಳೇ ಫೋನು ಕೊಟ್ಟರು.

ಹುಡುಕಿಕೊಡುವುದು ಸುಲಭ. ನಂಬಿಸುವುದು ಕಷ್ಟ.

ಪ್ರೋಗ್ರಾಮ್ ಬರೆಯುವ ಹುಡುಗರಲ್ಲಿ ಹಿರಿಯ ಕುತೈಬಾ. ಇಪ್ಪತ್ತೊಂಬತ್ತರ ಜಾಣ. ಅವನು ಪರೀಕ್ಷೆ ಮಾಡುವ ರೀತಿಯೇ ಬೇರೆ. ತನ್ನ ಒಂದೇ ಕಂಪ್ಯೂಟರಿನಲ್ಲಿ ನಾಲ್ಕು ಕಿಟಕಿ ತೆರೆದು ನಾಲ್ಕು ಆಟಗಾರರನ್ನು ಕೂರಿಸುತ್ತಾನೆ. ಸರ್ವರ್ ಕೂಡ ಅದರೊಳಗೇ. ಎಲೆ ಎಲ್ಲಿಗೂ ಹೋಗಬೇಕಾಗಿಲ್ಲ, ಎಲ್ಲಿಂದಲೂ ಬರಬೇಕಾಗಿಲ್ಲ.

"ಒಂದೇ ತಟ್ಟೇಲಿ ಎಡಗೈಯಿಂದ ಬಲಗೈಗೆ ರೊಟ್ಟಿ ಕೊಟ್ಟು, ನೋಡಿ ಅಂಚೆ ಎಷ್ಟು ಬೇಗ ಬಂತು ಅಂದಂಗೆ" ಎಂದು ಉಮ್ ಸನದ್ ಹಣೆ ಚಚ್ಚಿಕೊಳ್ಳುತ್ತಾರೆ. "ತಡ ಆದ್ರೆ ಏನಾಗುತ್ತೆ ಅಂತ ನೋಡಪ್ಪಾ ಅಂದೆ. ನೋಡ್ದೆ ಖಾಲ್ತೊ ಅಂದ. ಏನ್ ಮಾಡಿದಾನೆ ಗೊತ್ತಾ? ನಾಲ್ಕೂ ಜನಕ್ಕೂ ಅಳತೆ ಮಾಡಿ ಒಂದೇ ಸಮ ತಡ ಹಾಕಿದಾನೆ. ನಮ್ಮ ಊರಿನ ಲೈನು ಹಂಗಿರುತ್ತಾ? ಒಂದು ಗಳಿಗೆ ಓಡುತ್ತೆ, ಒಂದು ಗಳಿಗೆ ಮಲಗುತ್ತೆ, ಎದ್ದು ಬಂದು ಏನೂ ಆಗಿಲ್ಲ ಅನ್ನೋ ಮುಖ ಮಾಡುತ್ತೆ."

ಈ ವರ್ಷ ರಜಬ್ ತಿಂಗಳ ಆರಂಭದಲ್ಲಿ ಅವರಿಗೆ ಆ ತಪ್ಪು ಮೊದಲ ಸಲ ಕಂಡಿತು. ತ್ರಿಕ್ಸ್ ಆಟದಲ್ಲಿ ಆಟೀನ್ ರಾಜ ಯಾರ ಮಡಿಲಿಗೆ ಬೀಳುತ್ತಾನೋ ಅವರಿಗೆ ಎಪ್ಪತ್ತೈದು ಅಂಕ ಹೋಗುತ್ತದೆ. ಪ್ಯಾಕಿನಲ್ಲಿರುವುದು ಒಬ್ಬನೇ ರಾಜ. ಆ ದಿನ ಮೇಜಿನ ಮೇಲೆ ಇಬ್ಬರು ಬಿದ್ದರು. ಎಲೆ ಎತ್ತಿಕೊಂಡವನಿಗೆ ನೂರೈವತ್ತು ಹೋಯಿತು. ಇನ್ನೊಬ್ಬ ಆಟಗಾರನ ಕೈಯಲ್ಲಿ ಒಂದು ಎಲೆ ಹೆಚ್ಚಾಗಿ ಉಳಿಯಿತು.

ಅವರು ತಪ್ಪುಗಳ ಪಟ್ಟಿಯಲ್ಲಿ ಬರೆದರು. ಕುತೈಬಾ ತನ್ನ ನಾಲ್ಕು ಕಿಟಕಿಯಲ್ಲಿ ಆಡಿ ನೋಡಿ, "ನಮ್ಮಲ್ಲಿ ಬರುತ್ತಿಲ್ಲ" ಎಂದು ಬರೆದು ಮುಚ್ಚಿದ. ಹತ್ತು ದಿನಕ್ಕೆ ಮತ್ತೆ ಕಂಡಿತು. ಬರೆದರು. ನಮ್ಮಲ್ಲಿ ಬರುತ್ತಿಲ್ಲ. ಪರದೆಯ ಚಿತ್ರ ತೆಗೆದು ಹಾಕಿದರು. ಹಳೇ ಫೋನು, ಅದರ ದೋಷ ಇರಬಹುದು. ಫೋನು ಬದಲಾಯಿಸಿ ತೋರಿಸಿದರು. ಡಬ್ಬಿಯ ಕಾರಣ ಇರಬಹುದು.

"ಖಾಲ್ತೊ, ದೇವರಾಣೆಗೂ ಕೇಳ್ತೀನಿ, ಡಬ್ಬಿಯೊಳಗೆ ಕೂತ್ಕೊಂಡು ಯಾರಾದ್ರೂ ಆಡ್ತಾರಾ?" ಎಂದು ಕುತೈಬಾ ಎಲ್ಲರ ಮುಂದೆ ಕೇಳಿದನಂತೆ.

"ಜರ್ಕಾಗೆ ಹೋಗೋ ಬಸ್ಸು ಡಬ್ಬಿ ಅಲ್ದೆ ಇನ್ನೇನು ಮಗನೇ? ನೀನು ಕಾರಲ್ಲಿ ಓಡಾಡ್ತೀಯ, ನಿಂಗೆ ಗೊತ್ತಿಲ್ಲ."

ಕಚೇರಿ ನಕ್ಕಿತು. ತಪ್ಪು ಹಾಗೇ ಉಳಿಯಿತು. ಎರಡು ತಿಂಗಳಲ್ಲಿ ಹನ್ನೊಂದು ಸಲ ಬರೆದರು, ಹನ್ನೊಂದು ಸಲವೂ ಕೊನೆಗೆ ಅದೇ ಎರಡು ಪದ. "ಗೋಡೆಗೆ ಹೇಳಿದ್ರೆ ಸುಣ್ಣನಾದ್ರೂ ಉದುರುತ್ತೆ" ಎನ್ನುವಾಗ ಅವರ ದನಿಯಲ್ಲಿ ಈಗಲೂ ಆ ಬೇಸರ ಹಸಿಯಾಗಿದೆ.

ರಮದಾನಿಗೆ ಮುಂಚಿನ ಶಾಬಾನ್ ತಿಂಗಳು ಮುಗಿಯುತ್ತ ಬಂತು. ರಮದಾನಿನ ಮೊದಲ ದಿನವೇ ಆಟ ಬಿಡುಗಡೆ ಎಂದು ನಿಶ್ಚಯವಾಗಿತ್ತು. ಇಫ್ತಾರ್ ಮುಗಿಸಿ, ಕತಾಯಿಫ್ ಸಿಹಿ ತಿಂದು, ಇಡೀ ದೇಶ ಎಲೆ ಹಿಡಿದು ಕೂರುವ ತಿಂಗಳು ಅದು. ಆ ತಿಂಗಳಲ್ಲಿ ಜನರ ಫೋನಿಗೆ ಹೊಕ್ಕ ಆಟ ವರ್ಷಪೂರ್ತಿ ಅಲ್ಲೇ ಇರುತ್ತದೆ. ಆ ತಿಂಗಳಲ್ಲಿ ಮೋಸದ ಆಟ ಎಂದು ಹೆಸರು ಕೆಟ್ಟರೆ ಮುಗಿಯಿತು.

ಅದೇ ಹೊತ್ತಿಗೆ ಕುತೈಬಾ ಒಂದು ಹೊಸ ಉಪಾಯ ಮಾಡಿದ. ತಾವೇ ಎಲೆ ಹಾಕುವ ನಾಲ್ಕು ಯಂತ್ರದ ಆಟಗಾರರನ್ನು ಬರೆದು ತನ್ನ ಕಂಪ್ಯೂಟರಿನಲ್ಲಿ ಪರಸ್ಪರ ಆಡಲು ಬಿಟ್ಟ. ಅವು ಹತ್ತು ಸಾವಿರ ಕೈ ಆಡಿದವು. ಒಂದೂ ತಪ್ಪಿಲ್ಲ. ನಾದಿರ್ ಆ ಅಂಕಿ ನೋಡಿ ಖುಷಿಯಾದರು. ಉಮ್ ಸನದ್‌ರನ್ನು ಒಳಗೆ ಕರೆದು, ಚಹಾ ತರಿಸಿ, ಬಹಳ ಮೃದುವಾಗಿ ಹೇಳಿದರು.

"ಬರೋ ತಿಂಗಳಿಂದ ನೀವು ಬೆಳಿಗ್ಗೆ ಇಷ್ಟು ಕಷ್ಟಪಡೋದು ಬೇಡ ಉಮ್ ಸನದ್. ದೂರು ಓದೋ ಕೆಲಸ ಇದ್ದೇ ಇದೆ. ಅರ್ಧ ದಿನ ಬನ್ನಿ ಸಾಕು."

"ಮತ್ತೆ ಇಬ್ಬರು ರಾಜರು?"

"ಹತ್ತು ಸಾವಿರ ಕೈಯಲ್ಲಿ ಒಂದು ಸಲಾನೂ ಬಂದಿಲ್ಲವಲ್ಲ."

ಆ ಚಹಾ ಕುಡಿಯದೆ ಎದ್ದು ಬಂದೆ ಎನ್ನುತ್ತಾರೆ. "ಒಂದು ಸಲ ಯಂತ್ರದ ದನಿ ಬಂದು ನನ್ನ ಕುರ್ಚಿ ತಗೊಂಡಿತ್ತು. ಅವತ್ತು ಸುಮ್ಮನೆ ಚೀಲ ಎತ್ಕೊಂಡು ಮನೆಗೆ ಹೋಗಿದ್ದೆ. ಈ ಸಲ ಕೆಲಸ ಹೋಗುತ್ತಲ್ಲ ಅನ್ನೋದಕ್ಕಿಂತ, ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡ್ರಲ್ಲ ಅಂತ ಹೊಟ್ಟೆ ಉರೀತು."

ಮನೆಗೆ ಹೋಗಿ ತಮ್ಮ ಪುಸ್ತಕ ತೆರೆದರು. ಆಡಿದ ಪ್ರತಿ ಕೈಯನ್ನೂ ಅವರು ಗಳಿಗೆ ಸಮೇತ ಬರೆದಿಡುತ್ತಾರೆ, ದೂರು ವಿಭಾಗದ ಅಭ್ಯಾಸ. ತಪ್ಪು ಕಂಡ ಹನ್ನೊಂದು ದಿನಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಒಂದು ದಿನ ಗ್ಯಾಸ್ ಗಾಡಿಯನ್ನು ನಿಲ್ಲಿಸಲು ಕೆಳಗೆ ಓಡಿದ್ದರು. ಒಂದು ದಿನ ಸನದ್ ಫೋನ್ ಮಾಡಿದ್ದ. ಒಂದು ದಿನ ಮಂಡಿ ಹಿಡಿದು ಮೆಟ್ಟಿಲಲ್ಲೇ ಕೂತಿದ್ದರು. ಹನ್ನೊಂದು ಸಲವೂ ಎಲೆ ಹಾಕಿದ ಫೋನಿನ ಸಂಪರ್ಕ ಆ ಗಳಿಗೆಯಲ್ಲೇ ಕಡಿದಿತ್ತು. ಹನ್ನೊಂದು ಸಲವೂ ಮುಂದಿನ ಸರದಿಯ ಎಲೆ ಹಾಕಲು ಅವರು ತಡ ಮಾಡಿದ್ದರು.

ಅಷ್ಟು ಸಾಕಾಯಿತು. ಮುಂದಿನದನ್ನು ಅವರು ನನಗೆ ವಿವರಿಸಿದ್ದು ಹೀಗೆ: "ಕೆಟ್ಟ ಲೈನಲ್ಲಿ ಜನ ಏನ್ ಮಾಡ್ತಾರೆ? ವಿಳಾಸ ಹೇಳ್ತಾರೆ. ಈ ಕಡೆಯಿಂದ ಹೂಂ ಅಂತ ಕೇಳಿಸಲಿಲ್ಲ ಅಂದ್ರೆ ಇನ್ನೊಂದು ಸಲ ಹೇಳ್ತಾರೆ. ನಾನು ಎರಡನೇ ಸಲ ಕೇಳಿದಾಗ, ಇದು ಅದೇ ಮನುಷ್ಯ, ಅದೇ ವಿಳಾಸ ಅಂತ ಸುಮ್ಮನಿರ್ತೀನಿ. ದಡ್ಡಿಯಾಗಿದ್ರೆ ಎರಡು ದೂರು ಬರ್ಕೋತೀನಿ. ನಮ್ಮ ಸರ್ವರು ಆ ದಡ್ಡಿ. ಫೋನು ರಾಜನ್ನ ಕಳಿಸ್ತು, ಸರ್ವರಿಗೆ ಸೇರ್ತು, ಸೇರಿದೆ ಅನ್ನೋ ಉತ್ತರ ಮಾತ್ರ ವಾಪಸ್ ಬರಲಿಲ್ಲ. ಫೋನು ಇನ್ನೊಂದು ಸಲ ಕಳಿಸ್ತು. ಸರ್ವರು ಇದು ಮುಂದಿನವರ ಎಲೆ ಅಂದ್ಕೊಂಡು ಅವರ ಸರದಿ ನುಂಗಿಹಾಕ್ತು. ಮುಂದಿನವರು ಬೇಗ ಆಡಿಬಿಟ್ಟಿದ್ರೆ ಏನೂ ಆಗ್ತಿರಲಿಲ್ಲ. ಯಂತ್ರಗಳು ಕಣ್ಣು ಮಿಟುಕಿಸೋದ್ರೊಳಗೆ ಆಡ್ತಾವೆ. ಹತ್ತು ಸಾವಿರ ಅಲ್ಲ, ಹತ್ತು ಲಕ್ಷ ಆಡಿದ್ರೂ ಬರಲ್ಲ. ಮನುಷ್ಯ ಯೋಚನೆ ಮಾಡ್ತಾನೆ ನೋಡಿ, ಆ ಯೋಚನೆ ಹೊತ್ತಲ್ಲೇ ಈ ಕಳ್ಳ ನುಗ್ಗೋದು."

ಮರುದಿನ ಹತ್ತು ಗಂಟೆಗೆ ಅವರು ಪಟ್ಟಿಯಲ್ಲಿ ಏನೂ ಬರೆಯಲಿಲ್ಲ. ನೇರ ಕುತೈಬಾನ ಮೇಜಿಗೆ ಹೋಗಿ ಅವನ ಕಿವಿಗೆ ಸಿಕ್ಕಿಸಿದ್ದ ಹಾಡಿನ ಯಂತ್ರ ಕಿತ್ತರು.

"ಏಳು. ಲಿಫ್ಟಿಗೆ ಹೋಗಿ ನಿಂತ್ಕೋ."

"ಖಾಲ್ತೊ, ಇನ್ನು ಆರು ದಿನ ಇದೆ ಬಿಡುಗಡೆಗೆ, ನಂಗೆ ಉಸಿರಾಡೋಕೂ..."

"ಲಿಫ್ಟಲ್ಲಿ ಉಸಿರಾಡು. ಏಳು."

ಅವನ ಕೈಗೆ ಒಂದು ಫೋನು. ನಾದಿರ್ ಕೈಗೆ ಒಂದು, ಅವರನ್ನು ಮೀಟಿಂಗಿನಿಂದ ಎಬ್ಬಿಸಿ ತಂದಿದ್ದರು. ಒಂದು ತಮಗೆ. ನಾಲ್ಕನೆಯದಕ್ಕೆ ಕಟ್ಟಡದ ಕಾವಲಿನ ಶಹಾತಾನನ್ನು ಕರೆದರು. ಆತ ಈಜಿಪ್ಟಿನ ಸೊಹಾಗ್ ಕಡೆಯವ, ಮೆಟ್ಟಿಲು ಒರೆಸುತ್ತಿದ್ದವ ಕೈ ಒರೆಸಿಕೊಂಡು ಬಂದ.

"ಈ ಆಟ ನಮ್ಮ ಕಡೆ ಇಲ್ಲ ಅಮ್ಮಾವ್ರೆ. ನಂಗೆ ಬರೋದು ಡಾಮಿನೋ ಒಂದೇ."

"ಅದಕ್ಕೇ ನೀನು ಬೇಕು. ನಿಧಾನಕ್ಕೆ ಆಡು. ಎಷ್ಟು ಬೇಕಾದ್ರೂ ಯೋಚನೆ ಮಾಡು. ಯಾರೂ ಬೈಯಲ್ಲ."

ಲಿಫ್ಟಿನ ಬಾಗಿಲು ಮುಚ್ಚಿದರೆ ಕಚೇರಿಯ ವೈಫೈ ಅಲ್ಲಿಗೆ ತಲುಪುವುದಿಲ್ಲ. ಕುತೈಬಾನಿಗೆ ಹೇಳಿದ್ದು ಇಷ್ಟೇ: ಬಾಗಿಲು ಕೂಡುವ ಗಳಿಗೆಯಲ್ಲಿ ಎಲೆ ಒತ್ತು, ಕೆಳಗೆ ಹೋಗು, ವಾಪಸ್ ಬಾ. ಮೊದಲ ಕೈಯಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಲಿಫ್ಟಿನಿಂದ ಹೊರಬಂದಾಗಲೆಲ್ಲ ಕುತೈಬಾ ಹುಬ್ಬು ಎತ್ತಿ ನಗುತ್ತಿದ್ದ. ಎರಡನೇ ಮಹಡಿಯ ದಂತವೈದ್ಯರ ಬಳಿ ಬಂದ ಮುದುಕಿಯೊಬ್ಬಳು ಲಿಫ್ಟಿಗಾಗಿ ಕಾದು ಕಾದು ಶಾಪ ಹಾಕುತ್ತ ಮೆಟ್ಟಿಲು ಹತ್ತಿ ಹೋದಳು. ನಾದಿರ್ ಗಡಿಯಾರ ನೋಡಿಕೊಂಡರು.

ಮೂರನೇ ಕೈಯಲ್ಲಿ ಆಟೀನ್ ರಾಜ ಕುತೈಬಾನ ಪಾಲಿಗೆ ಬಂದಿದ್ದ. ಅದನ್ನು ಯಾರ ತಲೆಗೆ ಕಟ್ಟಲಿ ಎಂದು ಅವನೂ ಆಟದಲ್ಲಿ ಮುಳುಗಿದ್ದ. ನಾದಿರ್ ದೊಡ್ಡ ಎಲೆ ಹಾಕಿದ್ದೇ, ಬಾಗಿಲು ಕೂಡುತ್ತಿರುವಾಗ ಅವನು ರಾಜನನ್ನು ಒತ್ತಿದ. ಲಿಫ್ಟು ಇಳಿಯಿತು. ಮುಂದಿನ ಸರದಿ ಶಹಾತಾನದು. ಆತ ಗಲ್ಲ ಕೆರೆಯುತ್ತ ಒಂದೊಂದೇ ಎಲೆ ನೋಡಿದ. ಹೋಗಲಿ ಇದು, ಬೇಡ ಅದು. ಲಿಫ್ಟು ಮೇಲೆ ಬಂತು, ಬಾಗಿಲು ತೆರೆಯಿತು.

"ಅರೆ!" ಎಂದ ಶಹಾತಾ. "ನಾನಿನ್ನೂ ಹಾಕೇ ಇಲ್ಲ! ನನ್ನ ಸರದಿ ಯಾರು ತಿಂದ್ರು? ಅಮ್ಮಾವ್ರೆ, ನಾನು ಮುಟ್ಟಿಲ್ಲ, ಆಣೆ ಮಾಡಿ ಹೇಳ್ತೀನಿ, ಇಲ್ಲಿ ಅದೇ ಗಡ್ಡದೋನು ಇನ್ನೊಬ್ಬ ಬಂದು ಕೂತಿದ್ದಾನೆ!"

ನಾದಿರ್ ಪರದೆಯ ಮೇಲೆ ತಮ್ಮ ಅಂಕ ನೂರೈವತ್ತು ಇಳಿದದ್ದನ್ನು ನೋಡುತ್ತ ನಿಂತರು. "ಕುತೈಬಾ" ಎಂದರು. ಕುತೈಬಾ ಲಿಫ್ಟಿನೊಳಗೇ ನಿಂತಿದ್ದ. ಬಾಗಿಲು ಮತ್ತೆ ಮುಚ್ಚಿಕೊಂಡು ಅವನನ್ನು ಕೆಳಗೆ ಕರೆದುಕೊಂಡು ಹೋಯಿತು. ಬರುವಾಗ ಅವನು ಮೆಟ್ಟಿಲು ಹತ್ತಿ ಬಂದ.

"ಹನ್ನೊಂದು ಸಲ ಬರೆದಿದ್ರಿ ಅಲ್ವಾ ಖಾಲ್ತೊ?"

"ಹನ್ನೊಂದು."

"ನಂಗೆ ಬೈಬಾರದಾ?"

"ಬೈಯೋಕೆ ಉಸಿರೆಲ್ಲಿದೆಯೋ? ಎಲ್ಲ ನಿನ್ನ ಮೆಟ್ಟಿಲಲ್ಲೇ ಹೋಯ್ತು."

ಸರಿಮಾಡಲು ಬೇಕಾದದ್ದು ಆರು ಸಾಲು. ಪ್ರತಿ ಎಲೆಗೂ ಒಂದು ಗುರುತಿನ ಸಂಖ್ಯೆ, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರು ಕಿವಿ ಮುಚ್ಚಿಕೊಳ್ಳಬೇಕು. ಆದರೆ ಆ ಆರು ಸಾಲು ಬೇರೆಲ್ಲೂ ಏನೂ ಕೆಡಿಸಿಲ್ಲ ಎಂದು ನೋಡಬೇಕಲ್ಲ? ಬಿಡುಗಡೆ ರಮದಾನಿನ ಎಂಟನೇ ದಿನಕ್ಕೆ ಹೋಯಿತು. ಮೊದಲ ವಾರದ ಇಫ್ತಾರ್‌ಗಳೆಲ್ಲ ಕೈತಪ್ಪಿದವು ಎಂದು ಕಚೇರಿಯಲ್ಲಿ ಒಂದಿಬ್ಬರು ಗೊಣಗಿದರು. ಉಪವಾಸ ಇದ್ದುಕೊಂಡೇ ಉಮ್ ಸನದ್ ಮೆಟ್ಟಿಲು ಹತ್ತಿ ಇಳಿದರು. ನೀರೂ ಕುಡಿಯುವಂತಿಲ್ಲ. ಆಟ ಹೊರಗೆ ಬಂದಾಗ ಅದರ ಜೊತೆಗಿನ ಟಿಪ್ಪಣಿಯಲ್ಲಿ ಅವರ ಎರಡು ತಿಂಗಳ ಹೆಣಗಾಟಕ್ಕೆ ಸಿಕ್ಕ ಜಾಗ ಇದು: 'ಕೆಲವು ಸಣ್ಣಪುಟ್ಟ ಸುಧಾರಣೆಗಳು.'

"ಸಣ್ಣಪುಟ್ಟ!" ಎಂದು ಅವರು ಈಗಲೂ ಕೈ ಎತ್ತುತ್ತಾರೆ. "ನನ್ನ ಮಂಡಿ ನೋಡಿ ಬರೀಬೇಕಿತ್ತು ಅದನ್ನ."

ಅರ್ಧ ದಿನದ ಮಾತನ್ನು ನಾದಿರ್ ಮತ್ತೆ ಎತ್ತಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ, ಈದ್ ದಿನ ಮಾತ್ರ ಮನೆಗೆ ಬಂದು ಹೋದರು. ಕುತೈಬಾ ವಾರಕ್ಕೆರಡು ದಿನ ಆರು ಗಂಟೆಗೆ ಬಂದು ಮೆಟ್ಟಿಲ ಫೋನು ತಾನೇ ಹಿಡಿಯುತ್ತಾನೆ. ಬರುವಾಗ ಎಳ್ಳಿನ ಕಅಕ್ ರೊಟ್ಟಿ ತರುತ್ತಾನೆ. ತಂದು, ಸರ್ವರನ್ನು ಅರ್ಧ ಆಟದಲ್ಲೇ ನಿಲ್ಲಿಸಿ ಬೈಸಿಕೊಳ್ಳುತ್ತಾನೆ. ಅವನ ನಾಲ್ಕು ಆಟಗಾರ ಯಂತ್ರಗಳೂ ಇವೆ, ಈಗ ಅವು ಸಾಕಷ್ಟು ಹೊತ್ತು ಯೋಚಿಸಿದ ಹಾಗೆ ನಟಿಸುತ್ತವೆ.

ಒಂಬತ್ತೂವರೆಗೆ ಎಂಟನೇ ಕೈ ಮುಗಿಯಿತು. ಉಮ್ ಸನದ್ ಕುರ್ಚಿಗೆ ಕುಸಿದು, ಇನ್ನೊಂದು ಕುರ್ಚಿಯ ಮೇಲೆ ಕಾಲಿಟ್ಟು, ಆ ದಿನದ ದೂರುಗಳನ್ನು ಓದಲು ಶುರುಮಾಡುತ್ತಾರೆ. ಕಳೆದ ವಾರ ಬಂದ ಒಂದನ್ನು ನನಗೆ ತೋರಿಸುತ್ತಾರೆ. ಇರ್ಬಿದ್‌ನ ಒಬ್ಬ ಹೆಂಗಸು ಬರೆದದ್ದು. ನಿಮ್ಮ ಆಟ ಮೋಸದ್ದು, ನನ್ನ ಲೈನು ಹೋದಾಗಲೆಲ್ಲ ನನ್ನನ್ನು ಬೇಕೆಂದೇ ಸೋಲಿಸುತ್ತದೆ, ಎಂದು ಅರ್ಧ ಪುಟ ಬೈಗುಳ.

ಅವರು ಆಕೆಯ ನಲವತ್ತೊಂದು ಆಟಗಳನ್ನೂ ಒಂದೊಂದಾಗಿ ತೆರೆದು ಎಲೆಯಿಂದ ಎಲೆಗೆ ನೋಡಿದರಂತೆ. ಒಂದೂವರೆ ದಿನ ಹಿಡಿಯಿತು. ಆಮೇಲೆ ಉತ್ತರ ಬರೆದರು: "ತಂಗೀ, ಒಂಬತ್ತು ಸಲ ನಿಮ್ಮ ಲೈನು ಹೋಗಿದೆ. ಒಂಬತ್ತು ಸಲವೂ ನಿಮ್ಮ ಎಲೆ ಎಲ್ಲಿರಬೇಕೋ ಅಲ್ಲೇ ಇದೆ. ನಮ್ಮ ಕಡೆ ತಪ್ಪಿಲ್ಲ. ದೊಡ್ಡ ಎಲೆಗಳನ್ನು ಕೊನೇವರೆಗೂ ಬಚ್ಚಿಟ್ಟುಕೊಳ್ಳಬೇಡಿ."

ಗಿರಾಕಿಗೆ ಹೀಗೂ ಬರೆಯುತ್ತಾರಾ ಎಂದು ನಾದಿರ್ ಕೇಳಿದರಂತೆ.

"ಬರೀಬಾರದು, ಗೊತ್ತು" ಎನ್ನುತ್ತಾರೆ ಉಮ್ ಸನದ್, ಮಂಡಿ ತಿಕ್ಕಿಕೊಳ್ಳುತ್ತ. "ಆದ್ರೆ ಆ ಟೆಲಿಫೋನ್ ಕಂಪನೀಲಿ ಇಪ್ಪತ್ತೆರಡು ವರ್ಷ, ದಿನಕ್ಕೆ ನೂರಿಪ್ಪತ್ತು ಸಲ, 'ನಮ್ಮ ಕಡೆ ತಪ್ಪಿಲ್ಲ' ಅಂತ ಹೇಳಿದೀನಿ. ಹಾಗೇ ಹೇಳ್ಬೇಕು ಅಂತ ಕಾಗದದಲ್ಲಿ ಬರ್ಕೊಟ್ಟಿದ್ರು. ಒಂದು ಸಲಾನೂ ನೋಡಿ ಹೇಳಿದ್ದಲ್ಲ. ಇದೊಂದು ನೋಡಿ ಹೇಳಿದ್ದು."